ಪ್ಲೇಟು–ಮುಳ್ಳು: ಈ ಸಲ ಪೂರ್ತಿ ಜಾಝ್

ಹೋದ ಸಂಚಿಕೆಯಲ್ಲಿ ಜಾಝ್ ಸಂಗೀತದ ಗ್ರಾಮಫೋನ್ ಪ್ಲೇಟುಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಹೊಸದಾಗಿ ಓದುವವರಿಗೆ ನನ್ನ ಪರಿಚಯ. ನಾನು 31 ವರ್ಷ ರೇಡಿಯೋ ಸ್ಟೇಷನ್ನಿನ ರೆಕಾರ್ಡ್ ಲೈಬ್ರರಿಯಲ್ಲಿ ಕೆಲಸ ಮಾಡಿದವಳು. ಜಾಝ್ ಹಿಡಿಸಿದ್ದು ಅದಕ್ಕೂ ಮೊದಲು, ಅಣ್ಣನ ಶಾರ್ಟ್‌ವೇವ್ ರೇಡಿಯೋದಿಂದ. ವಾಯ್ಸ್ ಆಫ್ ಅಮೆರಿಕ ರೇಡಿಯೋದಲ್ಲಿ ವಿಲಿಸ್ ಕಾನೊವರ್ ಅವರ ಜಾಝ್ ಕಾರ್ಯಕ್ರಮ ಬರುತ್ತಿತ್ತು. ದಪ್ಪ ದನಿ, ಒಂದೊಂದೇ ಪದ ಬಿಡಿಸಿ ಇಡುವ ಇಂಗ್ಲಿಷ್. ಇಂಗ್ಲಿಷ್ ಅಷ್ಟಾಗಿ ಬಾರದ ನಮಗೂ ಯಾರು ನುಡಿಸಿದರು, ಯಾವ ವರ್ಷ ಅನ್ನೋದು ತಿಳಿಯುತ್ತಿತ್ತು. ಅಣ್ಣ ಅದನ್ನೆಲ್ಲ ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದ. ನಾನು ಪ್ಲೇಟು ಹುಡುಕಲು ಶುರು ಮಾಡಿದ್ದು ಆ ಪಟ್ಟಿ ಹಿಡಿದುಕೊಂಡೇ.

ಮೇಡಂ, ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ‘ಬ್ಲೂ ಟ್ರೇನ್’ ಎಲ್‌ಪಿ ಪ್ಲೇಟು ಒಂದು ಕಡೆ ಕಡಿಮೆಗೆ ಸಿಗುತ್ತಿದೆ, ಇನ್ನೊಂದು ಕಡೆ ಅದರ ಎರಡರಷ್ಟು. ವಿದೇಶದ ಹರಾಜಿನಲ್ಲಿ ನೋಡಿದರೆ ಲಕ್ಷಕ್ಕೂ ಜಾಸ್ತಿ! ಎಲ್ಲದರಲ್ಲೂ ಅದೇ ಸಂಗೀತ ಅಲ್ವಾ? ಮರುಮುದ್ರಣ ಅಂದರೆ ಡೂಪ್ಲಿಕೇಟ್ ಅಂತಲೇ? — ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಡೂಪ್ಲಿಕೇಟ್ ಅಲ್ಲಪ್ಪ. ಆದರೆ ಎಲ್ಲ ಮರುಮುದ್ರಣವೂ ಒಂದೇ ಅಲ್ಲ. ಅಂಗಡಿಯಲ್ಲಿ ನೀನು ಕೇಳಬೇಕಾದ್ದು ಒಂದೇ ಪ್ರಶ್ನೆ: ಇದನ್ನು ಯಾವುದರಿಂದ ಕೆತ್ತಿದ್ದಾರೆ?

ಪ್ಲೇಟು ಹೇಗೆ ಆಗುತ್ತದೆ ಅಂತ ಗೊತ್ತಿದ್ದರೆ ಇದು ಸಲೀಸಾಗಿ ಅರ್ಥವಾಗುತ್ತದೆ. ಸಂಗೀತ ಮೊದಲು ಟೇಪಿನ ಮೇಲೆ ಇರುತ್ತದೆ. ಆ ಟೇಪನ್ನು ಓಡಿಸುತ್ತಾ, ಮೆರುಗೆಣ್ಣೆ ಬಳಿದ ಅಲ್ಯೂಮಿನಿಯಂ ತಟ್ಟೆಯ ಮೇಲೆ ಗೀರು ಕೆತ್ತುತ್ತಾರೆ. ಅದಕ್ಕೆ ಬೆಳ್ಳಿ ಸಿಂಪಡಿಸಿ, ನಿಕ್ಕಲ್ ಏರಿಸಿ, ಲೋಹದ ಅಚ್ಚು ತೆಗೆಯುತ್ತಾರೆ. ಆ ಅಚ್ಚಿನಿಂದ ಪ್ಲೇಟು ಒತ್ತುತ್ತಾರೆ. ಇಡ್ಲಿ ತಟ್ಟೆ ಎಷ್ಟೇ ಚೆನ್ನಾಗಿದ್ದರೂ ಹಿಟ್ಟು ಸರಿ ಇರಬೇಕಲ್ವಾ? ಇಲ್ಲಿ ಟೇಪೇ ಹಿಟ್ಟು.

‘ಬ್ಲೂ ಟ್ರೇನ್’ ಧ್ವನಿಮುದ್ರಣವಾದದ್ದು 1957ರ ಸೆಪ್ಟೆಂಬರ್ 15ರಂದು, ನ್ಯೂ ಜೆರ್ಸಿಯ ಹ್ಯಾಕೆನ್‌ಸ್ಯಾಕ್ ಎಂಬ ಊರಿನಲ್ಲಿ. ದೊಡ್ಡ ಸ್ಟುಡಿಯೋ ಏನಲ್ಲ. ರೂಡಿ ವ್ಯಾನ್ ಗೆಲ್ಡರ್ ಎಂಬ ಕಣ್ಣಿನ ಡಾಕ್ಟರ್ ತಮ್ಮ ಅಪ್ಪ-ಅಮ್ಮನ ಮನೆಯ ನಡುಮನೆಯಲ್ಲೇ ಮೈಕು ಇಟ್ಟು ಮುದ್ರಿಸುತ್ತಿದ್ದರು. ಹಗಲು ಕನ್ನಡಕದ ನಂಬರ್ ನೋಡುವ ಕೆಲಸ, ಬಿಡುವಿನಲ್ಲಿ ಇದು. 1959ರಲ್ಲಿ ಇಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಸ್ವಂತ ಸ್ಟುಡಿಯೋ ಕಟ್ಟಿಕೊಂಡರು. ಅವರ ವಿಶೇಷ ಅಂದರೆ, ಮುದ್ರಿಸಿದವರೇ ಕೆತ್ತನೆಯನ್ನೂ ಮಾಡುತ್ತಿದ್ದರು. ಹಾಗಾಗಿ ‘ಬ್ಲೂ ಟ್ರೇನ್’ ಹೊರತಂದ ಬ್ಲೂ ನೋಟ್ ಕಂಪನಿಯ ಹಳೇ ಪ್ಲೇಟುಗಳಲ್ಲಿ ಅವರ ಗುರುತು ಇರುತ್ತದೆ.

ಆ ಗುರುತನ್ನು ನೋಡಲು ಟ್ಯೂಬ್‌ಲೈಟ್ ಕೆಳಗೆ ಪ್ಲೇಟನ್ನು ಓರೆಯಾಗಿ ಹಿಡಿ. ಹಾಡಿನ ಗೀರುಗಳು ಮುಗಿದು ಲೇಬಲ್ ಶುರುವಾಗುವ ಮಧ್ಯೆ ನುಣ್ಣನೆಯ ಕಪ್ಪು ಪಟ್ಟಿ ಇರುತ್ತದಲ್ಲ, ಸಂಗ್ರಹಕಾರರು ಅದನ್ನು ಡೆಡ್ ವ್ಯಾಕ್ಸ್ ಅನ್ನುತ್ತಾರೆ. ಅಲ್ಲಿ ಕೈಬರಹದಲ್ಲಿ ಗೀಚಿದ ನಂಬರ್ ಇರುತ್ತದೆ. ಹತ್ತಿರದಲ್ಲೇ ‘ಆರ್‌ವಿಜಿ’ ಎಂಬ ಮೂರು ಅಕ್ಷರ. ಮುಂದಿನ ವರ್ಷಗಳಲ್ಲಿ ‘ವ್ಯಾನ್ ಗೆಲ್ಡರ್’ ಅಂತ ಪೂರ್ತಿ ಹೆಸರಿನ ಮುದ್ರೆ. ಇನ್ನೂ ಸ್ವಲ್ಪ ತಿರುಗಿಸಿದರೆ ಪುಟ್ಟದೊಂದು ಸುರುಳಿ ಕಾಣುತ್ತದೆ, ಕಿವಿಯ ಆಕಾರದ್ದು. ಅದು ಪ್ಲಾಸ್ಟಿಲೈಟ್ ಎಂಬ ಕಾರ್ಖಾನೆಯ ಇಂಗ್ಲಿಷ್ ‘ಪಿ’ ಅಕ್ಷರ. ಜಗತ್ತಿನ ತುಂಬ ಸಂಗ್ರಹಕಾರರು ‘ಕಿವಿ ಇದೆಯಾ?’ ಅಂತಲೇ ಕೇಳುವುದು. ಬ್ಲೂ ನೋಟನ್ನು ಲಿಬರ್ಟಿ ಕಂಪನಿ ಕೊಂಡುಕೊಂಡ ಮೇಲೆ, 1966ರ ಸುಮಾರಿಗೆ, ಆ ಕಿವಿ ನಿಂತುಹೋಯಿತು. ಹರಾಜಿನಲ್ಲಿ ಲಕ್ಷ ದಾಟುವುದು ಕಿವಿ ಇರುವ, ಲೇಬಲ್ಲಿನಲ್ಲಿ ‘47 ವೆಸ್ಟ್ 63ನೇ ಬೀದಿ’ ವಿಳಾಸ ಇರುವ, ಗೀರು ಬೀಳದ ಮೊದಲ ಒತ್ತು.

ಅದು ನಿನಗೂ ಬೇಡ, ನನಗೂ ಆಗಿಬರುವುದಿಲ್ಲ. ಉಳಿದ ಎರಡನ್ನು ನೋಡೋಣ. ಜಾಸ್ತಿ ಬೆಲೆಯದ್ದು ಬಹುಶಃ ಬ್ಲೂ ನೋಟ್‌ನವರೇ 2022ರಲ್ಲಿ ಟೋನ್ ಪೊಯೆಟ್ ಸರಣಿಯಲ್ಲಿ ತಂದಿದ್ದು. ಜೋ ಹಾರ್ಲಿ ಅದರ ಉಸ್ತುವಾರಿ, ಕೆತ್ತನೆ ಕೆವಿನ್ ಗ್ರೇ ಅವರದು. ಇಬ್ಬರೂ ಮೂಲ ಟೇಪನ್ನೇ ಹುಡುಕಿ ತೆಗೆದು ಅದರಿಂದಲೇ ಕೆತ್ತುವವರು. ಕಡಿಮೆ ಬೆಲೆಯದ್ದರ ಹಿಂಬದಿಯಲ್ಲಿ ಯುರೋಪಿನ ಯಾವುದೋ ಕೇಳದ ಹೆಸರಿನ ಕಂಪನಿ ಇದ್ದರೆ ಸ್ವಲ್ಪ ತಡೆ. ಅಲ್ಲಿ ಮುದ್ರಿತ ಸಂಗೀತದ ಹಕ್ಕು ಮೊದಲು 50 ವರ್ಷಕ್ಕೆ ಮುಗಿಯುತ್ತಿತ್ತು. 2013ರಲ್ಲಿ ಅದನ್ನು 70ಕ್ಕೆ ಏರಿಸಿದರು. ಆದರೆ ಅಷ್ಟರಲ್ಲಿ ಹಕ್ಕು ಮುಗಿದಿದ್ದಕ್ಕೆ ಮತ್ತೆ ಜೀವ ಬರಲಿಲ್ಲ. ಹಾಗಾಗಿ 1962ರವರೆಗೆ ಹೊರಬಂದ ಜಾಝನ್ನು ಅಲ್ಲಿ ಯಾರು ಬೇಕಾದರೂ ಒತ್ತಬಹುದು. ಕಾನೂನಿನ ಪ್ರಕಾರ ತಪ್ಪಿಲ್ಲ. ಆದರೆ ಅವರ ಕೈಯಲ್ಲಿ ಟೇಪ್ ಇರುವುದಿಲ್ಲ. ಎಷ್ಟೋ ಸಲ ಸಿ.ಡಿ.ಯಿಂದ ಎತ್ತಿ ಕೆತ್ತಿರುತ್ತಾರೆ. ಅದಕ್ಕೆ ಪ್ಲೇಟು ಯಾಕೆ, ಸಿ.ಡಿ.ಯನ್ನೇ ಕೇಳಬಹುದಲ್ಲ!

ಒಂದು ಗುಟ್ಟು ಹೇಳಿಬಿಡುತ್ತೇನೆ. ಲಿಬರ್ಟಿ ಕಾಲದ ಲೇಬಲ್ ಇದ್ದರೂ ಡೆಡ್ ವ್ಯಾಕ್ಸಿನಲ್ಲಿ ವ್ಯಾನ್ ಗೆಲ್ಡರ್ ಗುರುತು ಇರುವ ಪ್ಲೇಟುಗಳಿವೆ. ಹಳೇ ಅಚ್ಚುಗಳನ್ನೇ ಮುಂದುವರಿಸಿದ್ದರಿಂದ ಹಾಗೆ. ಕಿವಿ ಇಲ್ಲ ಅಂತ ಬೆಲೆ ಎಷ್ಟೋ ಇಳಿದಿರುತ್ತದೆ. ಗೀರು ಮಾತ್ರ ಅದೇ ಕೈ ಕೆತ್ತಿದ ಗೀರು. ನನ್ನ ಹತ್ತಿರ ಇರುವ ಬ್ಲೂ ನೋಟುಗಳಲ್ಲಿ ಜಾಸ್ತಿ ಪಾಲು ಅಂಥವೇ.

ಅಮ್ಮಾ, ನಮ್ಮ ತಾತ ಕೆ.ಜಿ.ಎಫ್.ನಲ್ಲಿ ಕ್ಲಬ್ಬಿನ ಕೆಲಸದಲ್ಲಿದ್ದರು. ಅಲ್ಲಿ ಡಾನ್ಸಿಗೆ ಹಾಕುತ್ತಿದ್ದ, ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಪ್ಲೇಟುಗಳು ಒಂದು ಟ್ರಂಕಿನ ತುಂಬ ಇವೆ. ಧೂಳು, ಬೂಷ್ಟು ಹಿಡಿದಿದೆ. ಸ್ಪಿರಿಟ್ ಹಾಕಿ ಒರೆಸಬಹುದಾ? — ಶಾಲಾ ಶಿಕ್ಷಕಿ, ಬಂಗಾರಪೇಟೆ

ದಯವಿಟ್ಟು ಬೇಡ. ಸ್ಪಿರಿಟ್ ಬಾಟಲಿಯನ್ನು ಈಗಲೇ ಬೇರೆ ಕೋಣೆಗೆ ಇಟ್ಟುಬಿಡಿ.

78ರ ಪ್ಲೇಟು ಪ್ಲಾಸ್ಟಿಕ್ಕಿನದಲ್ಲ, ಅರಗಿನದು. ಪಾಂಡವರನ್ನು ಸುಡಲು ಕಟ್ಟಿಸಿದ ಅರಗಿನ ಮನೆ ಇತ್ತಲ್ಲ, ಅದೇ ಅರಗು. ಮುತ್ತುಗ, ಕುಸುಮ್ ಮರಗಳ ಮೇಲೆ ಪುಟ್ಟ ಹುಳುಗಳು ಕಟ್ಟುವ ಅಂಟು. ಜಗತ್ತಿಗೆಲ್ಲ ಅದು ಹೆಚ್ಚಾಗಿ ಹೋಗುತ್ತಿದ್ದದ್ದು ನಮ್ಮ ದೇಶದಿಂದ. ಅದಕ್ಕೆ ಕಲ್ಲಿನ ಪುಡಿ ಸೇರಿಸಿ ಒತ್ತಿದರೆ 78ರ ಪ್ಲೇಟು. ನ್ಯೂಯಾರ್ಕಿನಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಊದಿದ ಟ್ರಂಪೆಟ್ಟಿನ ಸದ್ದು ಕೂತಿದ್ದು ನಮ್ಮ ಕಾಡಿನ ಅರಗಿನ ಮೇಲೆ. ಇದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ನನಗೆ ಇದು ಗೊತ್ತಿರಲಿಲ್ಲ. ಟೇಪ್‌ರೆಕಾರ್ಡರಿನ ಹೆಡ್ ಒರೆಸುವ ಸ್ಪಿರಿಟ್ ಬಾಟಲಿ ಮೇಜಿನ ಮೇಲಿತ್ತು. ಹತ್ತಿಗೆ ಅದ್ದಿ ಒಂದು ಪ್ಲೇಟು ಒರೆಸಿದೆ. ಹತ್ತಿ ಕಪ್ಪಾಯಿತು. ಕೊಳೆ ಬಿಡುತ್ತಿದೆ ಅಂತ ಇನ್ನಷ್ಟು ಒರೆಸಿದೆ. ಬೆಳಕಿಗೆ ಹಿಡಿದು ನೋಡಿದರೆ ಒಂದು ಬೆರಳಗಲ ಗೀರೇ ಇರಲಿಲ್ಲ. ಮಂಕಾದ ಕಲೆ ಅಷ್ಟೇ. ಆ ಹಾಡಿನ ಇನ್ನೊಂದು ಪ್ರತಿ ನಮ್ಮ ಲೈಬ್ರರಿಯಲ್ಲಿ ಇರಲಿಲ್ಲ.

ನೀವು ಹೀಗೆ ಮಾಡಿ. ಮೊದಲು ಒಣಗಿದ ಮೆದು ಬ್ರಶ್ಶಿನಿಂದ ಗೀರಿನ ದಿಕ್ಕಿನಲ್ಲೇ ಧೂಳು ತೆಗೆಯಿರಿ. ಆಮೇಲೆ ತಣ್ಣೀರಿಗೆ ಪಾತ್ರೆ ತೊಳೆಯುವ ದ್ರವದ ಒಂದೇ ಹನಿ ಹಾಕಿ, ಮೆದು ಬಟ್ಟೆ ಹಿಂಡಿ ಒರೆಸಿ. ಲೇಬಲ್ಲಿಗೆ ನೀರು ತಾಗಬಾರದು. ನೆನೆಸಿಡಬಾರದು. ಕೂಡಲೇ ಇನ್ನೊಂದು ಒಣ ಬಟ್ಟೆಯಿಂದ ಒರೆಸಿ ನೆರಳಲ್ಲಿ ನಿಲ್ಲಿಸಿ. ಬಿಸಿಲಿಗಿಟ್ಟರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಕೇಳುವಾಗ ಎಲ್‌ಪಿ ಮುಳ್ಳು ಹಾಕಬೇಡಿ. 78ರ ಗೀರು ಅಗಲ, ಅದಕ್ಕೆ ಸುಮಾರು ನಾಲ್ಕು ಪಟ್ಟು ದಪ್ಪ ತುದಿಯ ಮುಳ್ಳು ಬೇಕು.

ಮತ್ತೆ ಒಂದು ವಿನಂತಿ. ಗುಜರಿಗೆ ಕೊಡುವ ಮುಂಚೆ ಲೇಬಲ್ ಓದಿ ಒಂದು ಪಟ್ಟಿ ಮಾಡಿ. ಕ್ರಿಕೆಟ್ ಸ್ಮಿತ್, ಟೆಡ್ಡಿ ವೆದರ್‌ಫರ್ಡ್, ಚಿಕ್ ಚಾಕಲೇಟ್, ಈ ಮೂರು ಹೆಸರು ಕಂಡರೆ ಜೋಪಾನ. ಮೊದಲ ಇಬ್ಬರು ಅಮೆರಿಕದ ಕರಿಯ ಸಂಗೀತಗಾರರು, 1930ರ ದಶಕದಲ್ಲಿ ಬೊಂಬಾಯಿಯ ತಾಜ್ ಹೋಟೆಲಿನಲ್ಲಿ ನುಡಿಸಿದವರು. ಟೆಡ್ಡಿ ಆಮೇಲೆ ಕಲ್ಕತ್ತೆಯಲ್ಲಿ ನೆಲೆನಿಂತು ಅಲ್ಲೇ ತುಂಬ ಪ್ಲೇಟು ಕೊಟ್ಟರು. 1945ರಲ್ಲಿ ಅಲ್ಲೇ ಕಾಲರಾದಿಂದ ತೀರಿಕೊಂಡರು. ಚಿಕ್ ಚಾಕಲೇಟ್ ಗೋವಾದವರು, ಮುಂದೆ ಹಿಂದಿ ಸಿನಿಮಾ ವಾದ್ಯವೃಂದದಲ್ಲೂ ನುಡಿಸಿದರು. ಈ ಪ್ಲೇಟುಗಳು ಮಾರಾಟವಾಗಿದ್ದು ಹೆಚ್ಚಾಗಿ ನಮ್ಮ ದೇಶದೊಳಗೇ. ಹಾಗಾಗಿ ಅಮೆರಿಕದವರಿಗೆ ಹುಡುಕಿದರೂ ಸಿಗುವುದು ಕಷ್ಟ. ಸಿಗುವುದು ನಿಮ್ಮ ತಾತನ ಟ್ರಂಕಿನಂಥ ಕಡೆಯೇ.

ನಾನು ಸ್ಯಾಕ್ಸೊಫೋನ್ ಕಲಿಯುತ್ತಿದ್ದೇನೆ, ಕರ್ನಾಟಕ ಸಂಗೀತ. ಮಾವ ಕೊಟ್ಟ ಹಳೇ ‘ಕೈಂಡ್ ಆಫ್ ಬ್ಲೂ’ ಎಲ್‌ಪಿ ಜೊತೆ ನುಡಿಸಲು ನೋಡಿದರೆ ಮೊದಲ ಬದಿ ಶ್ರುತಿಗೆ ಕೂರುವುದಿಲ್ಲ. ಎರಡನೇ ಬದಿ ಸರಿಯಾಗಿ ಕೂರುತ್ತದೆ. ನನ್ನ ಪ್ಲೇಯರ್ ಕೆಟ್ಟಿದೆಯಾ? — ಮಂಗಳೂರು

ನಿಮ್ಮ ಕಿವಿಗೆ ನಮಸ್ಕಾರ. ಪ್ಲೇಯರ್ ಸರಿಯಾಗಿದೆ. ಪ್ಲೇಟೇ ಹಾಗಿದೆ.

ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಈ ಎಲ್‌ಪಿಯನ್ನು 1959ರಲ್ಲಿ ನ್ಯೂಯಾರ್ಕಿನ 30ನೇ ಬೀದಿಯ ಕೊಲಂಬಿಯಾ ಸ್ಟುಡಿಯೋದಲ್ಲಿ ಮುದ್ರಿಸಿದರು. ಹಳೇ ಚರ್ಚನ್ನು ಸ್ಟುಡಿಯೋ ಮಾಡಿದ್ದ ಜಾಗ ಅದು. ಮಾರ್ಚ್ 2ರಂದು ಮೊದಲ ಬದಿಯ ಮೂರು ಹಾಡು, ಏಪ್ರಿಲ್ 22ರಂದು ಎರಡನೇ ಬದಿ. ಮಾರ್ಚ್‌ನ ದಿನ ಮುಖ್ಯ ಟೇಪ್ ಯಂತ್ರ ಸ್ವಲ್ಪ ನಿಧಾನಕ್ಕೆ ಓಡುತ್ತಿತ್ತು. ನಿಧಾನಕ್ಕೆ ಓಡುವ ಯಂತ್ರದಲ್ಲಿ ಹಿಡಿದಿದ್ದನ್ನು ಸರಿಯಾದ ವೇಗದಲ್ಲಿ ಕೇಳಿಸಿದರೆ ಏನಾಗುತ್ತದೆ? ಹಾಡು ತುಸು ಬೇಗ ಓಡುತ್ತದೆ, ಶ್ರುತಿ ತುಸು ಏರುತ್ತದೆ. ತುಂಬ ಅಲ್ಲ. ತಂಬೂರಿಗೆ ಪಳಗಿದ ಕಿವಿಗೆ ತಿಳಿಯುವಷ್ಟು. ಮೂವತ್ತಕ್ಕೂ ಹೆಚ್ಚು ವರ್ಷ ಜಗತ್ತು ಕೇಳಿದ್ದು ಆ ಏರಿದ ಶ್ರುತಿಯನ್ನೇ. ಅದರ ಜೊತೆ ನುಡಿಸಲು ಹೋದವರು ತಮ್ಮ ವಾದ್ಯವನ್ನೇ ತಿರುಪುತ್ತಿದ್ದರು.

ಅದೃಷ್ಟಕ್ಕೆ ಆ ದಿನ ಪಕ್ಕದಲ್ಲೇ ಇನ್ನೊಂದು ಯಂತ್ರವೂ ಓಡುತ್ತಿತ್ತು, ಮುಖ್ಯ ಟೇಪಿಗೆ ಏನಾದರೂ ಆದರೆ ಇರಲಿ ಅಂತ. ಅದರ ವೇಗ ಸರಿಯಾಗಿತ್ತು. 1992ರ ಮರುಮುದ್ರಣಕ್ಕೆ ಆ ಎರಡನೇ ಟೇಪನ್ನು ತೆಗೆದರು. ಮರುಮುದ್ರಣ ಅಂದರೆ ಮೂಗು ಮುರಿಯುವವರಿಗೆ ನಾನು ಯಾವಾಗಲೂ ಕೊಡುವ ಉದಾಹರಣೆ ಇದು. ಇಲ್ಲಿ ಮೊದಲ ಒತ್ತೇ ತಪ್ಪು, ಮರುಮುದ್ರಣವೇ ಸರಿ. ನಿಮ್ಮ ಹಳೇ ಪ್ಲೇಟನ್ನು ಮಾತ್ರ ಬಿಸಾಡಬೇಡಿ. ಆ ಕಾಲದ ಜನ ಕೇಳಿದ್ದು ಅದನ್ನೇ.

ನಿಮ್ಮ ವಾದ್ಯ ಮತ್ತು ನಿಮ್ಮ ಊರು ನೋಡಿ ಇನ್ನೊಂದು ಮಾತು. ಕದ್ರಿ ಗೋಪಾಲನಾಥ್ ಅವರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಂತಪ್ಪ ಅವರ ಜೊತೆ ನುಡಿಸಿದ ‘ಕಿನ್ಸ್‌ಮೆನ್’ 2008ರಲ್ಲಿ ಬಂತು. ಸಿ.ಡಿ. ಆದರೂ ಪರವಾಗಿಲ್ಲ, ಸಿಕ್ಕರೆ ಬಿಡಬೇಡಿ. ಎರಡು ಆಲ್ಟೊ ಸ್ಯಾಕ್ಸೊಫೋನ್, ಒಂದು ಗಮಕದಲ್ಲಿ ಬೆಳೆದದ್ದು, ಇನ್ನೊಂದು ಜಾಝ್‌ನಲ್ಲಿ. ಯಾರು ಯಾವಾಗ ಊದುತ್ತಿದ್ದಾರೆ ಅಂತ ಪತ್ತೆ ಮಾಡುತ್ತಾ ಕೂತರೆ ಮಧ್ಯಾಹ್ನ ಹೋದದ್ದೇ ಗೊತ್ತಾಗುವುದಿಲ್ಲ.

ವಿದೇಶದ ಸಂಗ್ರಹಕಾರರು ಹುಡುಕುವಂಥ ಜಾಝ್ ಪ್ಲೇಟಿನಲ್ಲಿ ನಮ್ಮ ಬೆಂಗಳೂರಿನವರು ಯಾರಾದರೂ ಇದ್ದಾರಾ? — ಬಸವನಗುಡಿಯ ಓದುಗರು

ಇದ್ದಾರೆ! ಈ ಪ್ರಶ್ನೆ ಯಾರಾದರೂ ಕೇಳಲಿ ಅಂತ ಎಷ್ಟೋ ತಿಂಗಳಿಂದ ಕಾಯುತ್ತಿದ್ದೆ.

‘ಜ್ಯೋತಿ’ ಅಂತ ಎಲ್‌ಪಿ. ಜರ್ಮನಿಯ ಇಸಿಎಂ ಕಂಪನಿ 1983ರಲ್ಲಿ ತಂದಿದ್ದು, ನಂಬರ್ 1256. ಕವರಿನ ಮೇಲೆ ಚಾರ್ಲಿ ಮರಿಯಾನೊ ಹೆಸರು, ಜೊತೆಗೆ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್. ಹೌದು, ಬೆಂಗಳೂರಿನ ಟಿ.ಎ.ಎಸ್. ಮಣಿ ಅವರ ಸಂಸ್ಥೆಯೇ. ಮಣಿಯವರದು ಮೃದಂಗ, ಆರ್.ಎ. ರಮಾಮಣಿಯವರದು ಹಾಡುಗಾರಿಕೆ, ಆರ್.ಎ. ರಾಜಗೋಪಾಲ್ ಘಟ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರ್ ಖಂಜಿರ.

ಮರಿಯಾನೊ ಬಾಸ್ಟನ್ನಿನವರು. ಜಾಝ್ ಸಂಗೀತಗಾರ ಚಾರ್ಲ್ಸ್ ಮಿಂಗಸ್ 1963ರಲ್ಲಿ ತಂದ ದೊಡ್ಡ ಎಲ್‌ಪಿಯೊಂದರಲ್ಲಿ ಆಲ್ಟೊ ಸ್ಯಾಕ್ಸೊಫೋನ್ ಅಳುವ ಹಾಗೆ ಕೂಗುತ್ತದಲ್ಲ, ಆ ಉಸಿರು ಇವರದೇ. ಆಮೇಲೆ ಅವರು ನಾಗಸ್ವರವನ್ನೂ ಕಲಿತರು. ನೆಂಟಸ್ತಿಕೆಗೆ ಒಂದು ಸಲ ಬಂದುಹೋದ ಹಾಗಲ್ಲ, ಬೆಂಗಳೂರಿನ ಈ ತಂಡದ ಜೊತೆ ವರ್ಷಗಟ್ಟಲೆ ನುಡಿಸಿದರು. 2009ರಲ್ಲಿ ತೀರಿಕೊಂಡರು. ಮಣಿಯವರು ಹೋದದ್ದು 2020ರಲ್ಲಿ.

ನನ್ನ ಪ್ರತಿ ಬಂದದ್ದು ಜರ್ಮನಿಯಲ್ಲಿ ಓದುತ್ತಿದ್ದ ನನ್ನ ಚಿಕ್ಕಮ್ಮನ ಮಗನ ಕೈಯಲ್ಲಿ, ಸ್ವೆಟರುಗಳ ಮಧ್ಯೆ ಸುತ್ತಿಕೊಂಡು. ಅವನಿಗೆ ಅದು ಏನು ಅಂತ ಗೊತ್ತಿರಲಿಲ್ಲ. ‘ಕರ್ನಾಟಕ ಅಂತ ಬರೆದಿತ್ತು ಅಕ್ಕಾ, ತಂದೆ’ ಅಂದ. ಆ ರಾತ್ರಿ ಹಾಕಿದೆ. ಮೊದಲು ರಮಾಮಣಿಯವರ ದನಿ ಒಂದೇ, ಏನೂ ಪಕ್ಕವಾದ್ಯವಿಲ್ಲ. ಇಸಿಎಂನವರು ಮುದ್ರಿಸುವ ರೀತಿಯಲ್ಲಿ ದನಿಯ ಸುತ್ತ ಖಾಲಿ ಜಾಗ ತುಂಬ. ದೇವಸ್ಥಾನದ ಪ್ರಾಂಗಣದಲ್ಲಿ ಜನ ಬರುವ ಮುಂಚೆ ಯಾರೋ ಹಾಡಿಕೊಂಡ ಹಾಗೆ. ಆಮೇಲೆ ಸ್ಯಾಕ್ಸೊಫೋನ್ ಬರುತ್ತದೆ. ಅವಸರವಿಲ್ಲ. ಅವರು ಹಾಡಿದ ಸಾಲನ್ನು ಕೇಳಿಸಿಕೊಂಡು, ಅದರ ಕೊನೆ ಹಿಡಿದು ಎತ್ತುತ್ತದೆ. ಕೊನ್ನಕ್ಕೋಲ್, ಅಂದರೆ ಬಾಯಲ್ಲಿ ಹೇಳುವ ಮೃದಂಗದ ಸೊಲ್ಲು, ಶುರುವಾದಾಗ ನನ್ನ ಅಮ್ಮ ಒಳಗಿಂದ ಎದ್ದು ಬಂದು ತೊಡೆಯ ಮೇಲೆ ತಾಳ ಹಾಕುತ್ತಾ ಕೂತರು. ಅಮ್ಮ ಕೂತು ಪೂರ್ತಿ ಕೇಳಿದ ಜಾಝ್ ಪ್ಲೇಟು ಅದೊಂದೇ.

ಹುಡುಕುವವರಿಗೆ: ಹಳೇ ಎಲ್‌ಪಿ ಜರ್ಮನಿಯಲ್ಲಿ ಈಗಲೂ ಆಗಾಗ ಸಿಗುತ್ತದೆ, ಬ್ಲೂ ನೋಟಿನ ಹಾಗೆ ಬೆಲೆ ಹುಚ್ಚೆದ್ದು ಹೋಗಿಲ್ಲ. ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಇಸಿಎಂ 2017ರಲ್ಲಿ ತನ್ನ ಪ್ಲೇಟುಗಳನ್ನು ಸ್ಟ್ರೀಮಿಂಗ್‌ಗೂ ಕೊಟ್ಟಿದೆ. ಇವತ್ತೇ ಕೇಳಿ, ಆಮೇಲೆ ಹುಡುಕಿ.

ಕೆಲಸದ ಮೇಲೆ ಎರಡು ವರ್ಷ ಟೋಕಿಯೋದಲ್ಲಿ ಇರುತ್ತೇನೆ. ಊರಿಗೆ ಬರುವಾಗ ಯಾವ ಪ್ಲೇಟು ತಂದರೆ ಒಳ್ಳೆಯದು? — ಮೂಲತಃ ಹಾಸನದವರು

ನಿಮ್ಮನ್ನು ಕಂಡರೆ ಹೊಟ್ಟೆಕಿಚ್ಚಾಗುತ್ತದೆ, ನಿಜವಾಗಿ! ಜಪಾನಿನವರಷ್ಟು ಪ್ರೀತಿಯಿಂದ ಜಾಝ್ ಪ್ಲೇಟು ಕಾಪಾಡಿದವರು ಇನ್ನೊಬ್ಬರಿಲ್ಲ. ಯುದ್ಧ ಮುಗಿದ ಮೇಲೆ ವಿದೇಶಿ ಪ್ಲೇಟು ಕೊಳ್ಳಲು ಜನರ ಹತ್ತಿರ ದುಡ್ಡಿರಲಿಲ್ಲ. ಹಾಗಾಗಿ ಕಾಫಿ ಅಂಗಡಿಯವನು ಒಂದು ಪ್ಲೇಟು ಕೊಂಡು ಎಲ್ಲರಿಗೂ ಕೇಳಿಸುತ್ತಿದ್ದ. ಒಂದು ಕಾಫಿ ತಗೊಂಡು ಗಂಟೆಗಟ್ಟಲೆ ಮಾತಾಡದೆ ಕೂರುವ ಆ ಅಂಗಡಿಗಳಿಗೆ ಜಾಝ್ ಕಿಸ್ಸಾ ಅಂತ ಹೆಸರು. ಕೆಲವು ಇನ್ನೂ ಇವೆ. ಮೊದಲು ಅಲ್ಲಿ ಹೋಗಿ ಕೂತು ಬನ್ನಿ.

ತರುವುದಾದರೆ ಕಿಂಗ್ ಕಂಪನಿ 1977ರಿಂದ 1983ರವರೆಗೆ ಒತ್ತಿದ ಬ್ಲೂ ನೋಟುಗಳನ್ನು ನೋಡಿ. ಅಮೆರಿಕದಲ್ಲಿ ಪೆಟ್ಟಿಗೆಯಲ್ಲೇ ಉಳಿದು ಯಾವತ್ತೂ ಹೊರಬರದಿದ್ದ ಕೆಲವು ಮುದ್ರಣಗಳನ್ನು ಮೊದಲು ಬಿಡುಗಡೆ ಮಾಡಿದವರೂ ಅವರೇ. ಪ್ಲೇಟು ತುಂಬ ಸದ್ದಿಲ್ಲದ್ದು, ಚಟಪಟ ಇರುವುದಿಲ್ಲ. ಕವರಿನ ಪಕ್ಕಕ್ಕೆ ಸುತ್ತಿದ ಜಪಾನಿ ಬರಹದ ಕಾಗದದ ಪಟ್ಟಿ ಇರುತ್ತದೆ, ಓಬಿ ಅಂತ. ಹರಿದುಹಾಕಬೇಡಿ. ಓಬಿ ಇದ್ದರೆ ಬೆಲೆ ಬೇರೆ. ಜಪಾನಿನದೇ ಜಾಝ್ ಬೇಕಾದರೆ ತ್ರೀ ಬ್ಲೈಂಡ್ ಮೈಸ್ ಕಂಪನಿಯದು ಯಾವುದಾದರೂ ತನ್ನಿ. ಬೇರೆ ಕಂಪನಿಯದ್ದಾದರೆ ಪಿಯಾನೊ ವಾದಕ ರ್‍ಯೋ ಫುಕುಯಿ ಅವರ ‘ಸೀನರಿ’, 1976ರದು. ಅವರು ಬದುಕಿದ್ದಾಗ ಹೊರದೇಶದಲ್ಲಿ ಅಷ್ಟಾಗಿ ಯಾರೂ ಕೇಳಿರಲಿಲ್ಲ. ಈಗ ಅದರ ಮರುಮುದ್ರಣ ಸುಲಭವಾಗಿ ಸಿಗುತ್ತದೆ. ಒಚನೊಮಿಜು ಸ್ಟೇಷನ್ನಿನ ಹತ್ತಿರ ಡಿಸ್ಕ್ ಯೂನಿಯನ್‌ನ ಜಾಝ್ ಅಂಗಡಿ ಇದೆ. ಅಲ್ಲಿ ಶನಿವಾರ ಹೋದರೆ ಊಟ ಮುಗಿಸಿಕೊಂಡೇ ಹೋಗಿ.

ವಿಮಾನದಲ್ಲಿ ಕೈಚೀಲದಲ್ಲೇ ತನ್ನಿ. ಸೂಟ್‌ಕೇಸಿಗೆ ಹಾಕಿದರೆ ಕವರಿನ ಮೂಲೆ ಜಜ್ಜುತ್ತದೆ.

ವಿದೇಶದಿಂದ ತರಿಸುವಾಗ ಮೋಸ ಹೋಗದ ಹಾಗೆ ಏನು ನೋಡಬೇಕು? — ಹುಬ್ಬಳ್ಳಿ

ಫೋಟೋ ಕೇಳಿ. ಕವರಿನದಲ್ಲ, ಎರಡೂ ಲೇಬಲ್ಲಿನದು ಮತ್ತು ಡೆಡ್ ವ್ಯಾಕ್ಸಿನದು. ನಾನು ಕೇಳದೆ ಒಂದು ಸಲ ಕೈ ಸುಟ್ಟುಕೊಂಡೆ. ಸ್ಯಾಕ್ಸೊಫೋನ್ ವಾದಕ ಹ್ಯಾಂಕ್ ಮೋಬ್ಲಿ ಅವರ ಎಲ್‌ಪಿ, ಹಳೇ ಒತ್ತು ಅಂತ ಹೇಳಿದ್ದರು. ಕವರ್ ನಿಜವಾಗಿಯೂ ಹಳೇದೇ, ಅಂಚು ಸವೆದದ್ದು. ಒಳಗೆ ಕೈಹಾಕಿ ತೆಗೆದರೆ ಎಪ್ಪತ್ತರ ದಶಕದ ಲೇಬಲ್ಲಿನ ಪ್ಲೇಟು. ಎರಡು ತಿಂಗಳ ಉಳಿತಾಯ ಅದು. ಮಾರಿದವರು ಉತ್ತರವನ್ನೇ ಕೊಡಲಿಲ್ಲ. ಪ್ಲೇಟು ಚೆನ್ನಾಗಿಯೇ ನುಡಿಯುತ್ತದೆ, ಆದರೂ ಅದನ್ನು ತೆಗೆದಾಗಲೆಲ್ಲ ಆ ದಿನ ನೆನಪಾಗುತ್ತದೆ.

ಮಾರುವವರು ಪ್ಲೇಟಿನ ಸ್ಥಿತಿ ನೋಡಿ ಕೊಡುವ ಗ್ರೇಡಿನ ವಿಷಯದಲ್ಲಿ, ‘ವೆರಿ ಗುಡ್’ ಅಂದರೆ ತುಂಬ ಚೆನ್ನಾಗಿದೆ ಅಂತ ಅಲ್ಲ. ಈ ವ್ಯಾಪಾರದಲ್ಲಿ ಅದರ ಅರ್ಥ, ಚಟಪಟ ಕೇಳಿಸುತ್ತದೆ ಅಂತ. ಪಿಯಾನೊ ಒಂಟಿಯಾಗಿರುವ ಪ್ಲೇಟಾದರೆ ‘ವೆರಿ ಗುಡ್ ಪ್ಲಸ್’ಗಿಂತ ಕೆಳಗೆ ಇಳಿಯಬೇಡಿ. ಕಸ್ಟಮ್ಸ್ ಸುಂಕ ಪ್ಲೇಟಿನ ಬೆಲೆಯ ಮೇಲೆ ಮಾತ್ರ ಅಲ್ಲ, ಅಂಚೆ ಖರ್ಚನ್ನೂ ಸೇರಿಸಿ ಹಾಕುತ್ತಾರೆ. ಒಂದೊಂದೇ ತರಿಸುವ ಬದಲು ನಾಲ್ಕು ಗೆಳೆಯರು ಸೇರಿ ಒಟ್ಟಿಗೆ ತರಿಸಿದರೆ ಅಂಚೆ ಖರ್ಚು ಹಂಚಿಹೋಗುತ್ತದೆ.

ನೀವು ಇಷ್ಟು ವರ್ಷ ಹುಡುಕಿಯೂ ಸಿಗದ ಪ್ಲೇಟು ಯಾವುದಮ್ಮಾ? — ಗೃಹಿಣಿ, ಶಿವಮೊಗ್ಗ

ಶಂಕರ್–ಜೈಕಿಶನ್ ಅವರ ‘ರಾಗಾ-ಜಾಝ್ ಸ್ಟೈಲ್’, 1968ರ ಎಚ್‌ಎಂವಿ ಒತ್ತು. ಹೌದು, ಸಿನಿಮಾದ ಅದೇ ಜೋಡಿ. ಸಿನಿಮಾಕ್ಕಲ್ಲದೆ, ಹನ್ನೊಂದು ರಾಗಗಳನ್ನು ಜಾಝ್ ವಾದ್ಯಗಳಿಗೆ ಕೂರಿಸಿದರು. ತೋಡಿ, ಭೈರವ್, ಮಾಲಕೌಂಸ್, ಕಲಾವತಿ… ಸಿತಾರ್ ರಯೀಸ್ ಖಾನ್, ಸ್ಯಾಕ್ಸೊಫೋನ್ ಮನೋಹರಿ ಸಿಂಗ್. ಒಂದೊಂದು ರಾಗಕ್ಕೂ ಕೆಲವೇ ನಿಮಿಷ.

ಸುಮಾರು ಹದಿನೈದು ವರ್ಷದ ಹಿಂದೆ, ಬೆಂಗಳೂರಿನ ಭಾನುವಾರದ ಸಂತೆ ಬೀದಿಯಲ್ಲಿ, ಹಳೇ ಮಿಕ್ಸಿ ಜಾರುಗಳ ಪಕ್ಕ ಟಾರ್ಪಾಲಿನ ಮೇಲೆ ಅದರ ಕವರ್ ಕಂಡಿತು. ಬೆಳಿಗ್ಗೆ ಏಳೂವರೆ ಇರಬಹುದು. ಎತ್ತಿಕೊಂಡಾಗಲೇ ಹಗುರ ಅನ್ನಿಸಿತು. ಒಳಗೆ ಕೈಹಾಕಿದೆ, ಪ್ಲೇಟಿಲ್ಲ. ‘ಕವರ್ ಹತ್ತು ರೂಪಾಯಿ ಅಮ್ಮ’ ಅಂದರು ಆ ಅಜ್ಜ. ಪ್ಲೇಟು ಎಲ್ಲಿ ಅಂದೆ. ಮನೆಯಲ್ಲಿ ಇನ್ನೊಂದು ಗೋಣಿಚೀಲ ಇದೆ, ಮುಂದಿನ ವಾರ ತರುತ್ತೇನೆ ಅಂದರು. ಹತ್ತು ರೂಪಾಯಿ ಕೊಟ್ಟು ಕವರ್ ತಗೊಂಡೆ. ಮುಂದಿನ ಭಾನುವಾರ ಹೋದೆ, ಅದರ ಮುಂದಿನ ಭಾನುವಾರವೂ ಹೋದೆ. ಆ ಜಾಗದಲ್ಲಿ ಬೇರೆಯವರು ಚಪ್ಪಲಿ ಹರಡಿಕೊಂಡು ಕೂತಿದ್ದರು.

ಆಮೇಲೆ ಆ ಎಲ್‌ಪಿಯ ಮರುಮುದ್ರಣ ಬಂತು. ತರಿಸಿಕೊಂಡೆ, ಚೆನ್ನಾಗಿದೆ, ವಾರಕ್ಕೊಂದು ಸಲವಾದರೂ ಹಾಕುತ್ತೇನೆ. ಅದನ್ನು ಅದರದೇ ಹೊಸ ಕವರಿನಲ್ಲಿ ಇಟ್ಟಿದ್ದೇನೆ. ಹಳೇ ಕವರ್ ಪಕ್ಕದಲ್ಲಿ ಖಾಲಿಯಾಗಿಯೇ ನಿಂತಿದೆ. ಆ ಗೋಣಿಚೀಲ ನಿಮ್ಮಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ. ನಾನೇ ಬರುತ್ತೇನೆ.